ಗೋಡೆಯ ಮೇಲಿನ ಕೆಂಪು ಸಿಲಿಂಡರು: ಅಗ್ನಿನಂದಕಗಳ ತಪಾಸಣೆ ಮತ್ತು ಬದಲಾವಣೆ

ಕಚೇರಿ, ಅಂಗಡಿ, ಅಪಾರ್ಟ್‌ಮೆಂಟುಗಳ ಗೋಡೆಗೆ ತೂಗುಹಾಕಿದ ಅಗ್ನಿನಂದಕವು, ಅಂದರೆ ಎಲ್ಲರೂ ಫೈರ್ ಎಕ್ಸ್‌ಟಿಂಗ್ವಿಷರ್ ಎಂದು ಕರೆಯುವ ಕೆಂಪು ಸಿಲಿಂಡರು, ಉಳಿದ ಯಂತ್ರೋಪಕರಣಗಳಿಂದ ಒಂದು ಮುಖ್ಯ ಅಂಶದಲ್ಲಿ ಬೇರೆಯಾಗಿದೆ. ಫ್ಯಾನು, ಪಂಪು, ಲಿಫ್ಟುಗಳು ದಿನವೂ ಕೆಲಸ ಮಾಡುವುದರಿಂದ ಅವು ಕೆಟ್ಟರೆ ಅದೇ ದಿನ ತಿಳಿಯುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಎಂದೋ ಒಮ್ಮೆ, ಅದೂ ಕೆಲವೇ ಸೆಕೆಂಡುಗಳ ಮಟ್ಟಿಗೆ, ಕೆಲಸ ಮಾಡಬೇಕಾದ ಅಗ್ನಿನಂದಕವಾದರೋ ಕೆಟ್ಟಿದ್ದರೆ ಅದು ತಿಳಿಯುವುದು ಬೆಂಕಿ ಹೊತ್ತಿಕೊಂಡ ಹೊತ್ತಿನಲ್ಲೇ. ಆದ್ದರಿಂದ ಅದರ ಖರೀದಿಗಿಂತ ಅದರ ತಪಾಸಣೆಗೆ ಹೆಚ್ಚಿನ ಮಹತ್ವವಿದೆ. ನಮ್ಮ ನಾಡಿನಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುವುಮುರುವು: ಕಾಯಿದೆಯ ಒತ್ತಾಯಕ್ಕೆ ಸಿಲಿಂಡರು ಬರುತ್ತದೆ, ವರ್ಷಕ್ಕೊಮ್ಮೆ ಅದರ ಮೇಲೆ ಹೊಸ ಸ್ಟಿಕರು ಬೀಳುತ್ತದೆ, ಒಳಗಿನ ಸ್ಥಿತಿಯನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಬೆಂಕಿ ಉರಿಯಲು ಇಂಧನ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಶಾಖ ಎಂಬ ಮೂರು ಅಂಶಗಳು ಬೇಕು; ಒಮ್ಮೆ ಹೊತ್ತಿದ ಮೇಲೆ ಜ್ವಾಲೆಯೊಳಗೆ ನಡೆಯುವ ಸರಪಳಿ ರಾಸಾಯನಿಕ ಕ್ರಿಯೆಯು ಅದನ್ನು ಮುಂದುವರಿಸುತ್ತದೆ. ಈ ನಾಲ್ಕರಲ್ಲಿ ಯಾವುದನ್ನು ಕಡಿದರೂ ಬೆಂಕಿ ಆರುತ್ತದೆ. ನೀರು ಶಾಖವನ್ನು ಹೀರುತ್ತದೆ, ನೊರೆಯೂ ಇಂಗಾಲದ ಡೈಆಕ್ಸೈಡೂ ಗಾಳಿಯನ್ನು ದೂರವಿಡುತ್ತವೆ, ಒಣ ಪುಡಿಯು ಮುಖ್ಯವಾಗಿ ಸರಪಳಿ ಕ್ರಿಯೆಯನ್ನೇ ಮುರಿಯುತ್ತದೆ. ಉರಿಯುವ ವಸ್ತುವಿಗೆ ತಕ್ಕಂತೆ ಬೆಂಕಿಯನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ಕಟ್ಟಿಗೆ, ಕಾಗದ, ಬಟ್ಟೆಗಳಂಥ ಘನವಸ್ತುಗಳ ಬೆಂಕಿ ಎ ವರ್ಗಕ್ಕೂ, ಪೆಟ್ರೋಲು, ಡೀಸೆಲು, ಬಣ್ಣಗಳಂಥ ದ್ರವಗಳ ಬೆಂಕಿ ಬಿ ವರ್ಗಕ್ಕೂ, ಅಡುಗೆ ಅನಿಲದಂಥ ಅನಿಲಗಳ ಬೆಂಕಿ ಸಿ ವರ್ಗಕ್ಕೂ, ಮೆಗ್ನೀಸಿಯಂ, ಸೋಡಿಯಂಗಳಂಥ ಲೋಹಗಳ ಬೆಂಕಿ ಡಿ ವರ್ಗಕ್ಕೂ ಸೇರುತ್ತವೆ. ಅಮೆರಿಕದ ವರ್ಗೀಕರಣದಲ್ಲಿ ಸಿ ಎಂದರೆ ವಿದ್ಯುತ್ ಉಪಕರಣಗಳ ಬೆಂಕಿ. ಅಲ್ಲಿ ತಯಾರಾದ ವಿಡಿಯೊಗಳನ್ನು ನೋಡಿ ಇಲ್ಲಿ ಸಿಲಿಂಡರು ಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸುವುದು ಒಳ್ಳೆಯದು. ಕಾದ ಅಡುಗೆ ಎಣ್ಣೆಯ ಬೆಂಕಿಯನ್ನು ಅಂತರರಾಷ್ಟ್ರೀಯ ಪದ್ಧತಿ ಎಫ್ ಎಂದೂ ಅಮೆರಿಕದ ಪದ್ಧತಿ ಕೆ ಎಂದೂ ಕರೆಯುವುದರಿಂದ, ಹೋಟೆಲ್ ಅಡುಗೆಮನೆಗೆಂದು ಮಾರಾಟವಾಗುವ ಸಿಲಿಂಡರುಗಳ ಮೇಲೆ ಎರಡರಲ್ಲಿ ಯಾವ ಅಕ್ಷರವಾದರೂ ಇರಬಹುದು.

ಮನೆ, ಅಂಗಡಿಗಳಲ್ಲಿ ಇಂದು ಅತಿ ಹೆಚ್ಚಾಗಿ ಕಾಣುವುದು ಎಬಿಸಿ ಪುಡಿಯ ಸಿಲಿಂಡರು. ಇದರಲ್ಲಿರುವ ಮುಖ್ಯ ವಸ್ತು ಮಾನೊ ಅಮೋನಿಯಂ ಫಾಸ್ಫೇಟ್. ಅದು ಜ್ವಾಲೆಯನ್ನು ಕೆಡವುವುದಷ್ಟೇ ಅಲ್ಲದೆ, ಕೆಂಡವಾಗಿರುವ ಕಟ್ಟಿಗೆ, ಬಟ್ಟೆಗಳ ಮೇಲೆ ಕರಗಿ ಗಾಜಿನಂಥ ಪದರವಾಗಿ ಅಂಟಿಕೊಂಡು ಗಾಳಿಯ ಸಂಪರ್ಕವನ್ನು ತಪ್ಪಿಸುತ್ತದೆ; ಹಳೆಯ ಮಾದರಿಯ ಸೋಡಿಯಂ ಬೈಕಾರ್ಬೊನೇಟ್ ಪುಡಿಗೆ ಈ ಗುಣವಿಲ್ಲದ್ದರಿಂದಲೇ ಅದು ಬಿ ಮತ್ತು ಸಿ ವರ್ಗಗಳಿಗೆ ಸೀಮಿತವಾಯಿತು. ಮಾರುಕಟ್ಟೆಯಲ್ಲಿ ಮ್ಯಾಪ್ 50, ಮ್ಯಾಪ್ 90 ಎಂಬ ಹೆಸರಿನಲ್ಲಿ ಪುಡಿಗಳು ದೊರೆಯುತ್ತವೆ. ಅಂಕಿಯು ಈ ಫಾಸ್ಫೇಟಿನ ಶೇಕಡಾ ಪ್ರಮಾಣವನ್ನು ಸೂಚಿಸುತ್ತದೆ, ಬೆಲೆಯ ಅಂತರಕ್ಕೂ ಅದೇ ಕಾರಣ. ರೀಫಿಲ್ ಮಾಡಿಸುವಾಗ ಯಾವ ದರ್ಜೆಯ ಪುಡಿ ತುಂಬಿದರೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳದಿದ್ದರೆ ಮೊದಲು ಇದ್ದ ಪುಡಿಗಿಂತ ಕೀಳು ದರ್ಜೆಯದು ಒಳಸೇರಲು ದಾರಿಯಾಗುತ್ತದೆ.

ಈ ಸಿಲಿಂಡರುಗಳ ರಚನೆ ಎರಡು ಬಗೆಯದು. ಒಂದರಲ್ಲಿ ಪುಡಿಯ ಜೊತೆಗೇ ಒಣ ನೈಟ್ರೋಜನ್ ಅನಿಲವನ್ನು ಸುಮಾರು 15 ಬಾರ್ ಒತ್ತಡದಲ್ಲಿ, ಅಂದರೆ ವಾತಾವರಣದ ಒತ್ತಡದ ಹದಿನೈದು ಪಟ್ಟಿನಷ್ಟು, ತುಂಬಿರುತ್ತಾರೆ. ಈ ಒತ್ತಡವನ್ನು ತೋರಿಸುವ ಪುಟ್ಟ ಗೇಜು ಹಿಡಿಕೆಯ ಕೆಳಗಿರುತ್ತದೆ. ಇನ್ನೊಂದರಲ್ಲಿ ಪುಡಿ ಸಾಮಾನ್ಯ ಒತ್ತಡದಲ್ಲಿದ್ದು, ಒಳಗೆ ಇಳಿಬಿಟ್ಟ ಸಣ್ಣ ಕಾರ್ಟ್ರಿಜ್‌ನಲ್ಲಿ ಅನಿಲ ಬೇರೆಯಾಗಿರುತ್ತದೆ. ಗುಂಡಿಯನ್ನು ಒತ್ತಿದಾಗ ಕಾರ್ಟ್ರಿಜ್ ತೂತಾಗಿ ಅನಿಲ ಹೊರಬಂದು ಪುಡಿಯನ್ನು ನೂಕುತ್ತದೆ. ಇದಕ್ಕೆ ಗೇಜು ಇರುವುದಿಲ್ಲವಾದ್ದರಿಂದ ಕಾರ್ಟ್ರಿಜನ್ನು ಬಿಚ್ಚಿ ತೂಗದೆ ಅದರ ಸ್ಥಿತಿ ತಿಳಿಯದು. ಹಿಂದೆ ಕಚೇರಿ, ಸಿನಿಮಾ ಮಂದಿರಗಳಲ್ಲಿ ಶಂಕುವಿನಾಕಾರದ ಸೋಡಾ-ಆಸಿಡ್ ಯಂತ್ರಗಳಿದ್ದವು. ಅಡುಗೆ ಸೋಡಾದ ದ್ರಾವಣಕ್ಕೆ ಗಂಧಕಾಮ್ಲ ಬೆರೆತಾಗ ಉಂಟಾಗುವ ಅನಿಲವೇ ಅದರ ನೀರನ್ನು ಹೊರಚಿಮ್ಮಿಸುತ್ತಿತ್ತು, ಅನೇಕ ಮಾದರಿಗಳಲ್ಲಿ ಆ ಬೆರಕೆಗಾಗಿ ಯಂತ್ರವನ್ನು ತಲೆಕೆಳಗು ಮಾಡಬೇಕಿತ್ತು. ಆ ನೆನಪಿನಿಂದ ಈಗಿನ ಸಿಲಿಂಡರನ್ನೂ ಬಗ್ಗಿಸಿ ಹಿಡಿಯುವ ಹಿರಿಯರಿದ್ದಾರೆ. ಈಗಿನದರ ಒಳಗೆ ತಳದವರೆಗೆ ಇಳಿದ ಕೊಳವೆಯೊಂದಿದ್ದು, ಪುಡಿ ಅದರ ಮೂಲಕವೇ ಮೇಲೇರಬೇಕಾದ್ದರಿಂದ, ತಲೆಕೆಳಗು ಮಾಡಿದರೆ ಅನಿಲ ಮಾತ್ರ ಹೊರಹೋಗಿ ಪುಡಿ ಒಳಗೇ ಉಳಿಯುತ್ತದೆ.

ಒತ್ತಡ ತುಂಬಿದ ಪುಡಿ ಸಿಲಿಂಡರಿನ ತಿಂಗಳ ತಪಾಸಣೆಗೆ ಪರಿಣತರೇ ಬೇಕೆಂದಿಲ್ಲ. ಕಣ್ಣಿದ್ದವರು ಯಾರಾದರೂ ಎರಡು ನಿಮಿಷದಲ್ಲಿ ಮಾಡಬಹುದು. ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು, ಎಡಕ್ಕೆ ಜಾರಿದ್ದರೆ ಅನಿಲ ಸೋರಿದೆ ಎಂದೂ ಬಲಕ್ಕೆ ಮೀರಿದ್ದರೆ ಒತ್ತಡ ಹೆಚ್ಚಾಗಿದೆ ಎಂದೂ ಅರ್ಥ. ಸುರಕ್ಷತಾ ಪಿನ್ನು ತನ್ನ ಜಾಗದಲ್ಲಿದ್ದು ಅದರ ಸೀಲು ಮುರಿಯದೆ ಇರಬೇಕು. ರಬ್ಬರ್ ಹೋಸಿನಲ್ಲಿ ಬಿರುಕು ಇರಬಾರದು. ಹೋಸಿನ ಬಾಯಿಯಲ್ಲಿ ಕಣಜ, ಜೇಡಗಳು ಗೂಡು ಕಟ್ಟಿರಬಾರದು, ಹಳ್ಳಿಯ ಶಾಲೆ, ಗೋದಾಮುಗಳಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ತಳದ ಅಂಚಿನಲ್ಲಿ ತುಕ್ಕು ಹಿಡಿದಿದೆಯೇ ಎಂದು ಸಿಲಿಂಡರನ್ನು ಎತ್ತಿ ನೋಡಬೇಕು. ಉಪ್ಪುಗಾಳಿ ಬೀಸುವ ಕರಾವಳಿಯಲ್ಲೂ ಮಳೆಗಾಲವಿಡೀ ತೇವ ಆರದ ಮಲೆನಾಡಿನಲ್ಲೂ ತುಕ್ಕು ಮೊದಲು ಕಾಣಿಸುವುದು ನೀರು ನಿಲ್ಲುವ ಈ ತಳದ ಅಂಚಿನಲ್ಲೇ. ಮುಂಭಾಗ ಮಾತ್ರ ಹೊಸದರಂತೆ ಹೊಳೆಯುತ್ತಿರಬಹುದು.

ಗೇಜು ಹಸಿರಿನಲ್ಲಿದೆ ಎಂದಾಕ್ಷಣ ಸಿಲಿಂಡರು ಸುಸ್ಥಿತಿಯಲ್ಲಿದೆ ಎಂದೇನೂ ಅಲ್ಲ, ಏಕೆಂದರೆ ಗೇಜು ಅಳೆಯುವುದು ಅನಿಲದ ಒತ್ತಡವನ್ನೇ ಹೊರತು ಪುಡಿಯ ಸ್ಥಿತಿಯನ್ನಲ್ಲ. ಒಂದೆಡೆ ವರ್ಷಗಟ್ಟಲೆ ನಿಂತ ಪುಡಿ ತಳದಲ್ಲಿ ಒತ್ತಾಗಿ ಕೂರುತ್ತದೆ. ತುಂಬುವಾಗ ತೇವ ಸೇರಿದ್ದರೆ ಗಟ್ಟಿಯಾಗಿ ಹೆಂಟೆಗಟ್ಟುತ್ತದೆ. ಬಸ್ಸು, ಟ್ಯಾಕ್ಸಿಗಳಲ್ಲಿ ಇಟ್ಟದ್ದು ಸದಾ ಅಲುಗಾಡುವುದರಿಂದ ಇನ್ನೂ ಬೇಗ ಒತ್ತಾಗುತ್ತದೆ. ಹಿಡಿಕೆ ಒತ್ತಿದಾಗ ಇಂಥ ಸಿಲಿಂಡರಿನಿಂದ ಬುಸ್ ಎಂದು ಅನಿಲ ಬರುತ್ತದೆ, ಪುಡಿ ಬರುವುದಿಲ್ಲ. ಆಗಾಗ ಸಿಲಿಂಡರನ್ನು ಕೊಕ್ಕೆಯಿಂದ ಇಳಿಸಿ ಪಿನ್ನು ತೆಗೆಯದೆಯೇ ನಿಧಾನವಾಗಿ ಬಗ್ಗಿಸಿ ತಿರುಗಿಸಿದರೆ ಒಳಗೆ ಪುಡಿ ಜಾರುವುದು ಕೈಗೆ ತಿಳಿಯುತ್ತದೆ. ಹೀಗೆ ಜಾರದಿದ್ದರೆ ಅದು ರೀಫಿಲ್‌ಗೆ ಹೋಗಬೇಕಾದ ಸಿಲಿಂಡರು. ಕೆಲಸ ಮಾಡುತ್ತದೆಯೇ ಎಂದು ನೋಡಲು ಒಂದು ಕ್ಷಣ ಹಿಡಿಕೆ ಒತ್ತಿ ಬಿಡುವ ಅಭ್ಯಾಸ ಕೆಲವರಲ್ಲಿದೆ, ಇದಕ್ಕಿಂತ ಕೆಟ್ಟ ಪರೀಕ್ಷೆ ಬೇರೊಂದಿಲ್ಲ. ಹೊರಬಂದ ಪುಡಿಯ ಕಣಗಳು ವಾಲ್ವಿನ ಸಂದಿಯಲ್ಲಿ ಸಿಕ್ಕಿಕೊಂಡು ಅದು ಸರಿಯಾಗಿ ಮುಚ್ಚದಂತೆ ಮಾಡುತ್ತವೆ, ಅನಿಲ ಸೋರಿಹೋಗಿ ಕೆಲವೇ ದಿನಗಳಲ್ಲಿ ಮುಳ್ಳು ಸೊನ್ನೆಗೆ ಇಳಿಯುತ್ತದೆ. ಸ್ವಲ್ಪವೇ ಬಳಸಿದ್ದರೂ ಪುಡಿ ಸಿಲಿಂಡರನ್ನು ಖಾಲಿಯಾದದ್ದೆಂದೇ ಎಣಿಸಿ ಮತ್ತೆ ತುಂಬಿಸಬೇಕು.

ಕಂಪ್ಯೂಟರ್ ಕೊಠಡಿ, ವಿದ್ಯುತ್ ಪ್ಯಾನೆಲ್ಲುಗಳ ಬಳಿ ಇಡುವ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ವಿಚಾರವೇ ಬೇರೆ. ವಿದ್ಯುತ್ತನ್ನು ಹರಿಯಗೊಡದ, ಉಪಕರಣಗಳ ಮೇಲೆ ಉಳಿಕೆಯನ್ನೂ ಬಿಡದ ಈ ಅನಿಲವನ್ನು ಅಲ್ಲಿಗೆ ಆಯ್ದುಕೊಳ್ಳುವುದು ಸರಿಯೇ. ಎಬಿಸಿ ಪುಡಿಯು ಬೆಂಕಿಯನ್ನು ಆರಿಸಿದರೂ ಆಮೇಲೆ ತೇವ ಹೀರಿ ಸರ್ಕ್ಯೂಟುಗಳನ್ನು ಕೊರೆಯುತ್ತದೆ. ಈ ಸಿಲಿಂಡರಿಗೆ ಗೇಜು ಇಲ್ಲದಿರುವುದನ್ನು ಕಂಡು ಯಾರೋ ಕಿತ್ತುಕೊಂಡಿದ್ದಾರೆಂದು ಭಾವಿಸುವವರುಂಟು. ಇಲ್ಲಿ ಗೇಜಿನಿಂದ ಪ್ರಯೋಜನವಿಲ್ಲದ್ದರಿಂದಲೇ ಅದನ್ನು ಇಟ್ಟಿರುವುದಿಲ್ಲ. ಸಿಲಿಂಡರಿನೊಳಗೆ ಡೈಆಕ್ಸೈಡಿನ ಬಹುಭಾಗ ದ್ರವರೂಪದಲ್ಲೂ ಉಳಿದದ್ದು ಅದರ ಮೇಲೆ ಆವಿಯಾಗಿಯೂ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಆವಿಯ ಒತ್ತಡ ಸುಮಾರು 57 ಬಾರ್. ಸ್ವಲ್ಪ ಅನಿಲ ಸೋರಿದರೆ ಅಷ್ಟೇ ಪ್ರಮಾಣದ ದ್ರವ ಆವಿಯಾಗಿ ಆ ಜಾಗವನ್ನು ತುಂಬುವುದರಿಂದ, ಕೊನೆಯ ಹನಿ ಇರುವವರೆಗೂ ಒತ್ತಡ ಬದಲಾಗುವುದಿಲ್ಲ. ಅರ್ಧ ಖಾಲಿಯಾದ ಸಿಲಿಂಡರೂ ತುಂಬಿದ ಸಿಲಿಂಡರಿನಷ್ಟೇ ಒತ್ತಡ ತೋರಿಸುತ್ತದೆ. ಉಷ್ಣಾಂಶ 31 ಡಿಗ್ರಿ ದಾಟಿದರೆ ದ್ರವ, ಆವಿ ಎಂಬ ಭೇದವೇ ಅಳಿದು ಶಾಖಕ್ಕೆ ತಕ್ಕಂತೆ ಒತ್ತಡ ಏರುತ್ತ ಹೋಗುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಇದು ದಿನನಿತ್ಯದ ಸ್ಥಿತಿ. ಆದ್ದರಿಂದ ಡೈಆಕ್ಸೈಡ್ ಸಿಲಿಂಡರನ್ನು ಪರೀಕ್ಷಿಸುವ ನಂಬಬಹುದಾದ ವಿಧಾನವೆಂದರೆ ತೂಗುವುದು. ಖಾಲಿ ಸಿಲಿಂಡರಿನ ತೂಕವನ್ನು ಲೋಹದ ಮೇಲೆಯೇ ಅಚ್ಚೊತ್ತಿರುತ್ತಾರೆ. ಒಟ್ಟು ತೂಕದಿಂದ ಅದನ್ನು ಕಳೆದಾಗ ಉಳಿಯುವ ಅನಿಲವು ನಿಗದಿತ ಪ್ರಮಾಣಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ತಕ್ಕಡಿಯನ್ನು ತಾರದೆ ತಪಾಸಣೆಗೆ ಬಂದ ತಂತ್ರಜ್ಞ ಡೈಆಕ್ಸೈಡ್ ಸಿಲಿಂಡರನ್ನು ಪರೀಕ್ಷಿಸಿದೆನೆಂದು ಸಹಿ ಹಾಕಿದರೆ ಆ ಸಹಿಗೆ ಬೆಲೆಯಿಲ್ಲ.

ಈ ಅನಿಲದ ಬಳಕೆಯಲ್ಲಿ ಎರಡು ಅಪಾಯಗಳಿವೆ. ಹೊರಬರುವಾಗ ಅದು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಹಿಮದ ಕಣಗಳಾಗುವುದರಿಂದ, ಕಹಳೆಯಂಥ ಹಾರ್ನನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಸುಡುತ್ತದೆ. ಕಿಟಕಿಯಿಲ್ಲದ ಸಣ್ಣ ಕೊಠಡಿಯಲ್ಲಿ ಬಳಸಿದರೆ ಬೆಂಕಿಗೆ ತಪ್ಪಿದ ಆಮ್ಲಜನಕ ಮನುಷ್ಯನಿಗೂ ತಪ್ಪುತ್ತದೆ.

ಭಾರತದಲ್ಲಿ ಅಗ್ನಿನಂದಕಗಳ ಆಯ್ಕೆ, ಅಳವಡಿಕೆ, ನಿರ್ವಹಣೆಗಳನ್ನು ವಿವರಿಸುವುದು ಭಾರತೀಯ ಮಾನಕ ಬ್ಯೂರೊದ ಐಎಸ್ 2190 ಎಂಬ ಸಂಹಿತೆ. ಕೈಯಲ್ಲಿ ಎತ್ತಬಲ್ಲ ಸಿಲಿಂಡರುಗಳ ರಚನೆ ಹಾಗೂ ಕಾರ್ಯಕ್ಷಮತೆಗೆ ಸಂಬಂಧಿಸಿದ್ದು ಐಎಸ್ 15683. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗೆ ಇರುವ ಪರವಾನಗಿ ಸಂಖ್ಯೆಯನ್ನು ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಮೂದಿಸಿ, ಆ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಮಾಲೀಕರು ಆಗಾಗ ನೋಡುವುದರ ಜೊತೆಗೆ, ವರ್ಷಕ್ಕೊಮ್ಮೆ ತರಬೇತಾದ ತಂತ್ರಜ್ಞರಿಂದ ಕೂಲಂಕಷ ಪರೀಕ್ಷೆಯೂ ನಿಗದಿತ ಅಂತರದಲ್ಲಿ ಜಲಒತ್ತಡ ಪರೀಕ್ಷೆಯೂ ನಡೆಯಬೇಕು. ಜಲಒತ್ತಡ ಪರೀಕ್ಷೆ ಎಂದರೆ ಖಾಲಿ ಸಿಲಿಂಡರಿಗೆ ನೀರು ತುಂಬಿ, ಅದರ ಕೆಲಸದ ಒತ್ತಡದ ಎರಡು ಪಟ್ಟಿಗೂ ಮಿಗಿಲಾದ ಒತ್ತಡ ಕೊಟ್ಟು, ಎಲ್ಲಿಯಾದರೂ ಸೋರುತ್ತದೆಯೇ, ಉಬ್ಬುತ್ತದೆಯೇ ಎಂದು ನೋಡುವುದು. ಗಾಳಿಯಂತೆ ನೀರು ಕುಗ್ಗದ ಕಾರಣ ಸಿಲಿಂಡರು ಬಿರಿದರೂ ಸ್ಫೋಟವಾಗುವುದಿಲ್ಲ. ನೀರು, ನೊರೆ, ಪುಡಿ ಸಿಲಿಂಡರುಗಳಿಗೆ ಇದು ಮೂರು ವರ್ಷಕ್ಕೊಮ್ಮೆ, ಡೈಆಕ್ಸೈಡ್ ಸಿಲಿಂಡರಿಗೆ ಐದು ವರ್ಷಕ್ಕೊಮ್ಮೆ. ಸಂಹಿತೆಯ 2010ರ ಪರಿಷ್ಕರಣೆಯು ಸಿಲಿಂಡರಿನ ಆಯುಷ್ಯವನ್ನೂ ನಿಗದಿಪಡಿಸಿದ್ದು, ಅದರಂತೆ ನೀರು, ನೊರೆ, ಪುಡಿ ಮತ್ತು ಕ್ಲೀನ್ ಏಜೆಂಟ್ ಮಾದರಿಗಳಿಗೆ 10 ವರ್ಷ, ಡೈಆಕ್ಸೈಡಿಗೆ 15 ವರ್ಷ. ಕ್ಲೀನ್ ಏಜೆಂಟ್ ಎಂದರೆ ಉಳಿಕೆ ಬಿಡದೆ ಆವಿಯಾಗುವ ರಾಸಾಯನಿಕ. ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಕೈಬಿಡಲಾದ ಹ್ಯಾಲಾನ್ ಜಾಗಕ್ಕೆ ಬಂದದ್ದು ಇದು.

ನಿಯಮಗಳಿಗೆ ಕೊರತೆಯಿಲ್ಲ. ಅವು ಸೋಲುವುದು ವಾರ್ಷಿಕ ನಿರ್ವಹಣಾ ಒಪ್ಪಂದದ ಹಂತದಲ್ಲಿ. ಅಪಾರ್ಟ್‌ಮೆಂಟ್ ಸಂಘವೋ ಸಣ್ಣ ಕಾರ್ಖಾನೆಯೋ ಮೂರು ಕೋಟೇಶನ್ ತರಿಸಿ ಅತಿ ಕಡಿಮೆ ದರದ್ದನ್ನು ಒಪ್ಪಿಕೊಳ್ಳುತ್ತದೆ. ಆ ದರದಲ್ಲಿ ಸಿಲಿಂಡರು ಬಿಚ್ಚಿ, ಪುಡಿ ತೆಗೆದು, ಒಳಗೋಡೆ ಪರೀಕ್ಷಿಸಿ, ವಾಷರು ಬದಲಿಸಿ ಮತ್ತೆ ತುಂಬುವುದು ಸಾಧ್ಯವೇ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಫಲವಾಗಿ ಬಟ್ಟೆಯಿಂದ ಧೂಳು ಒರೆಸಿ ಹೊಸ ದಿನಾಂಕದ ಸ್ಟಿಕರು ಅಂಟಿಸುವುದೇ ಸೇವೆ ಎನಿಸಿಕೊಳ್ಳುತ್ತದೆ. ಇದನ್ನು ತಡೆಯಲು ಒಪ್ಪಂದದಲ್ಲೇ ಕೆಲವು ಷರತ್ತುಗಳನ್ನು ಬರೆಸಬೇಕು: ತುಂಬುವ ಮೊದಲಿನ ಮತ್ತು ನಂತರದ ತೂಕ ದಾಖಲಾಗಬೇಕು, ತೆಗೆದ ಹಳೆಯ ಪುಡಿಯನ್ನು ತೋರಿಸಬೇಕು, ಜಲಒತ್ತಡ ಪರೀಕ್ಷೆಯ ದಿನಾಂಕ ಸಿಲಿಂಡರಿನ ಮೇಲೆ ಅಳಿಯದಂತೆ ಗುರುತಾಗಬೇಕು, ರೀಫಿಲ್‌ಗೆ ಒಯ್ದ ಸಿಲಿಂಡರಿನ ಜಾಗದಲ್ಲಿ ಬದಲಿ ಸಿಲಿಂಡರು ಇರಬೇಕು. ತಪಾಸಣೆಗೆ ಬಂದವರು ಪ್ರತಿ ಸಿಲಿಂಡರಿಗೆ ಎಷ್ಟು ಹೊತ್ತು ತೆಗೆದುಕೊಂಡರೆಂಬುದನ್ನು ಭದ್ರತಾ ಸಿಬ್ಬಂದಿ ಗಮನಿಸಿದರೂ ಅರ್ಧ ಸತ್ಯ ತಿಳಿಯುತ್ತದೆ.

ಹೆಸರಾಂತ ತಯಾರಕರ ಹೊಸ ಸಿಲಿಂಡರೂ ದೋಷಮುಕ್ತವೆಂದು ಹೇಳಲಾಗದು. 2017ರ ನವೆಂಬರಿನಲ್ಲಿ ಅಮೆರಿಕದ ಕಿಡ್ ಸಂಸ್ಥೆಯು ಪ್ಲಾಸ್ಟಿಕ್ ಹಿಡಿಕೆ ಅಥವಾ ಒತ್ತುಗುಂಡಿಯಿರುವ ತನ್ನ ಸಿಲಿಂಡರುಗಳು ತುರ್ತಿನಲ್ಲಿ ಕಟ್ಟಿಕೊಂಡು ಕೆಲಸ ಮಾಡದೆ ಹೋಗಬಹುದೆಂಬ ಕಾರಣಕ್ಕೆ ಅಮೆರಿಕ ಮತ್ತು ಕೆನಡಾಗಳಲ್ಲಿ ಒಟ್ಟು ಸುಮಾರು 4 ಕೋಟಿ ಸಿಲಿಂಡರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಕೆಲವು 1970ರ ದಶಕದಷ್ಟು ಹಿಂದಿನವು. ಅಷ್ಟು ಹಳೆಯ ಸಿಲಿಂಡರುಗಳೂ ಪಟ್ಟಿಯಲ್ಲಿ ಸೇರಬೇಕಾಯಿತೆಂಬುದೇ ಜನ ಅವುಗಳನ್ನು ಎಷ್ಟು ಅಪರೂಪಕ್ಕೆ ಬದಲಾಯಿಸುತ್ತಾರೆಂಬುದಕ್ಕೆ ಸಾಕ್ಷಿ.

ಕೆಲಸದ ಸ್ಥಳಗಳಲ್ಲಿ ಯಾವ ಮೂಲೆಯಿಂದಲೂ 15 ಮೀಟರಿಗಿಂತ ಹೆಚ್ಚು ನಡೆಯದೆ ಅಗ್ನಿನಂದಕ ಕೈಗೆ ಸಿಗಬೇಕೆಂಬುದು ಸಂಹಿತೆಯ ಸೂತ್ರ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆಯ ರಾಶಿಯ ಹಿಂದೆ, ಅಂಗಡಿಯಲ್ಲಿ ಜಾಹೀರಾತು ಫಲಕದ ಹಿಂದೆ ಮರೆಯಾದ ಸಿಲಿಂಡರು ನಕ್ಷೆಯಲ್ಲಿ ಇದ್ದರೂ ಇಲ್ಲದಂತೆಯೇ. ತರಬೇತಿಯ ವಿಷಯದಲ್ಲಿ ಒಂದು ಸುಲಭ ಅವಕಾಶವನ್ನು ಹೆಚ್ಚಿನ ಸಂಸ್ಥೆಗಳು ಕಳೆದುಕೊಳ್ಳುತ್ತವೆ: ರೀಫಿಲ್‌ಗೆ ಹೋಗಲಿರುವ ಸಿಲಿಂಡರಿನ ಪುಡಿ ಹೇಗಿದ್ದರೂ ಹೊರಹೋಗಬೇಕಾದದ್ದು, ಅದನ್ನು ಬಯಲಿನಲ್ಲಿ ಸಿಬ್ಬಂದಿಯ ಕೈಯಿಂದಲೇ ಪ್ರಯೋಗಿಸಿದರೆ ತರಬೇತಿಯೂ ಆಯಿತು, ಸಿಲಿಂಡರಿನ ಪರೀಕ್ಷೆಯೂ ಆಯಿತು. ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ 2004ರ ಜುಲೈ 16ರಂದು 90ಕ್ಕೂ ಹೆಚ್ಚು ಮಕ್ಕಳು ಬೆಂಕಿಗೆ ಬಲಿಯಾದ ನಂತರ ಸಲ್ಲಿಕೆಯಾದ ಅರ್ಜಿಯ ಮೇಲೆ, ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2009ರ ಏಪ್ರಿಲಿನಲ್ಲಿ ನೀಡಿದ ತೀರ್ಪು ಶಾಲೆಗಳಲ್ಲಿ ಅಗ್ನಿನಂದಕಗಳ ಜೊತೆಗೆ ಅವುಗಳ ಬಳಕೆಯಲ್ಲಿ ಸಿಬ್ಬಂದಿಗೆ ತರಬೇತಿಯನ್ನೂ ಕಡ್ಡಾಯಗೊಳಿಸಿತು. ಉಪಕರಣವೊಂದೇ ಸಾಲದೆಂಬುದನ್ನು ನ್ಯಾಯಾಲಯವೇ ಒಪ್ಪಿದಂತಾಯಿತು.

ಬಳಸುವ ಕ್ರಮ ಸರಳವಾದದ್ದು. ಬೆನ್ನ ಹಿಂದೆ ಬಾಗಿಲು ಇರುವಂತೆ ಎರಡು ಮೂರು ಮೀಟರ್ ದೂರ ನಿಂತು, ಪಿನ್ನು ಕಿತ್ತು, ಹೋಸಿನ ಬಾಯಿಯನ್ನು ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಒತ್ತಿ ಎಡಕ್ಕೂ ಬಲಕ್ಕೂ ಬೀಸಬೇಕು. ಸಣ್ಣ ಸಿಲಿಂಡರು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬರಿದಾಗುತ್ತದೆ. ಅಷ್ಟರಲ್ಲಿ ಬೆಂಕಿ ಆರದಿದ್ದರೆ, ಅಥವಾ ಕೋಣೆಯಲ್ಲಿ ಹೊಗೆ ತುಂಬತೊಡಗಿದರೆ, ಸಿಲಿಂಡರನ್ನು ಅಲ್ಲೇ ಬಿಟ್ಟು ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಮಂದಿ ಸತ್ತ ದುರಂತದಲ್ಲಿ ಜನರನ್ನು ಕಂಗೆಡಿಸಿದ್ದು ಜ್ವಾಲೆಗಿಂತ ಹೆಚ್ಚಾಗಿ ಮಹಡಿಗಳನ್ನು ತುಂಬಿದ ಹೊಗೆ. ಅಂಥ ಹೊಗೆಯ ಮುಂದೆ ಯಾವ ಅಗ್ನಿನಂದಕವೂ ನಿಲ್ಲದು.

ಮನೆಗೆ 2 ಅಥವಾ 4 ಕಿಲೊ ಎಬಿಸಿ ಪುಡಿಯ ಸಿಲಿಂಡರೊಂದು ಸಾಕು. ಅದನ್ನು ಒಲೆಯ ಪಕ್ಕದಲ್ಲಿ ತೂಗುಹಾಕಿದರೆ ಬೆಂಕಿ ದಾಟಿ ಕೈ ಚಾಚಬೇಕಾಗುತ್ತದೆ, ಆದ್ದರಿಂದ ಅಡುಗೆಮನೆಯ ಬಾಗಿಲ ಬಳಿ ಇಡುವುದು ಸೂಕ್ತ. ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ಸಿಲಿಂಡರಿಗಿಂತ ಮೊದಲು ನೆನಪಾಗಬೇಕಾದದ್ದು ಒಲೆ ಆರಿಸಿ ಮುಚ್ಚಳ ಮುಚ್ಚುವುದು. ನೀರು ಸುರಿದರೆ ಅದು ಕಾದ ಎಣ್ಣೆಯ ತಳಕ್ಕಿಳಿದು, ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಅನಿಲ ಸೋರಿ ಹೊತ್ತಿದ್ದರೆ ರೆಗ್ಯುಲೇಟರ್ ಬಂದ್ ಮಾಡುವುದೇ ನಿಜವಾದ ನಂದನ. ಅನಿಲ ನಿಲ್ಲಿಸಲಾಗದಿದ್ದಾಗ ಜ್ವಾಲೆಯನ್ನಷ್ಟೇ ಆರಿಸಿದರೆ, ಗಾಳಿಗಿಂತ ಭಾರವಾದ ಆ ಅನಿಲ ನೆಲಮಟ್ಟದಲ್ಲಿ ಶೇಖರವಾಗಿ ಸ್ಫೋಟಕ್ಕೆ ಕಾದಿರುತ್ತದೆ. ಇತ್ತೀಚೆಗೆ ಮನೆಯೊಳಗೇ ಚಾರ್ಜಿಗೆ ಇಡುವ ವಿದ್ಯುತ್ ಸ್ಕೂಟರಿನ ಲಿಥಿಯಂ ಬ್ಯಾಟರಿಗೆ ಬೆಂಕಿ ತಗುಲಿದರೆ ಎಬಿಸಿ ಪುಡಿ ಜ್ವಾಲೆಯನ್ನು ಕ್ಷಣಕಾಲ ಕೆಡವಬಹುದಾದರೂ ಒಳಗಿನ ಕೋಶಗಳ ಶಾಖವನ್ನು ತಗ್ಗಿಸಲಾರದು, ಬೆಂಕಿ ಮತ್ತೆ ಮತ್ತೆ ಏಳುತ್ತದೆ. ಅಲ್ಲಿ ಮನೆಯವರು ಮಾಡಬೇಕಾದದ್ದು ಹೊರಗೆ ಹೋಗಿ ಅಗ್ನಿಶಾಮಕ ದಳವನ್ನು ಕರೆಯುವುದು.

ಆಯುಷ್ಯ ತೀರಿದ, ತುಕ್ಕು ಹಿಡಿದ, ಜಖಂಗೊಂಡ ಅಥವಾ ಜಲಒತ್ತಡ ಪರೀಕ್ಷೆಯಲ್ಲಿ ಸೋತ ಸಿಲಿಂಡರನ್ನು ಬಣ್ಣ ಬಳಿಸಿ ಉಳಿಸಿಕೊಳ್ಳುವ ಜಾಣತನ ಬೇಡ. ಹೊಸ ಬಣ್ಣ ಅದರ ತುಕ್ಕನ್ನು ಮಾತ್ರ ಮರೆಸುತ್ತದೆ. ಒತ್ತಡವಿರುವಂತೆಯೇ ಗುಜರಿಗೆ ಕೊಟ್ಟರೆ ಅದನ್ನು ಕತ್ತರಿಸುವ ಕೂಲಿಕಾರನ ಜೀವಕ್ಕೆ ಅಪಾಯ. ಮಾರಾಟಗಾರರಿಗೋ ರೀಫಿಲ್ ಕೇಂದ್ರಕ್ಕೋ ಹಿಂದಿರುಗಿಸಿ, ಒತ್ತಡ ಇಳಿಸಿ, ಮತ್ತೆ ಯಾರೂ ಬಳಸದಂತೆ ಕೊರೆಸಬೇಕು. ಪುಡಿಯನ್ನು ಚರಂಡಿಗೆ ಸುರಿಯಬಾರದು. ತಯಾರಿಕೆಯ ವರ್ಷವನ್ನು ಪ್ರತಿ ಸಿಲಿಂಡರಿನ ಮೈಮೇಲೋ ಲೇಬಲ್ಲಿನಲ್ಲೋ ನಮೂದಿಸಿರುತ್ತಾರೆ. ಓದುಗರು ತಮ್ಮ ಮನೆಯ, ಕಚೇರಿಯ ಸಿಲಿಂಡರಿನ ಮೇಲೆ ಆ ವರ್ಷವನ್ನು ಒಮ್ಮೆ ಹುಡುಕಿ ನೋಡಲಿ. ಪುಡಿಯ ಸಿಲಿಂಡರು ಹತ್ತು ವರ್ಷ ದಾಟಿದ್ದರೆ, ಮುಳ್ಳು ಹಸಿರಿನಲ್ಲಿದ್ದರೂ ಸ್ಟಿಕರು ಹೊಸದಾಗಿದ್ದರೂ, ಅದನ್ನು ಬದಲಾಯಿಸಬೇಕು.